ರಸ್ತೆಯ ನಡುಗಡ್ಡೆ



ತುಂಬಿದ ಹೊಳೆ ದಾಟುವುದು ಕಷ್ಟ. ಇದು ನಮಗೆಲ್ಲ ಗೊತ್ತು. ಹೊಳೆಯ ನಡುವೆ ಒಂದು ದೊಡ್ಡ ಬಂಡೆ ಇದ್ದರೆ? ಆಗ ಧೈರ್ಯ ಬರುತ್ತದೆ. ಮೊದಲು ಬಂಡೆಯವರೆಗೆ ಹೋಗುತ್ತೇವೆ. ಅಲ್ಲಿ ನಿಲ್ಲುತ್ತೇವೆ. ನೀರು ನೋಡುತ್ತೇವೆ. ಆಮೇಲೆ ಆಚೆ ದಡ ಸೇರುತ್ತೇವೆ.

ಇಂದಿನ ದೊಡ್ಡ ರಸ್ತೆಯೂ ಒಂದು ಹೊಳೆಯೇ. ನೀರಿನ ಬದಲು ಲಾರಿ, ಬಸ್ಸು, ಕಾರು, ಬೈಕು ಹರಿಯುತ್ತವೆ. ನಮ್ಮ ಮನೆ ಈಚೆ ದಡದಲ್ಲಿ. ಮಕ್ಕಳ ಶಾಲೆ ಆಚೆ ದಡದಲ್ಲಿ. ಬಸ್ ನಿಲ್ದಾಣ ಆಚೆ. ರೇಷನ್ ಅಂಗಡಿ ಆಚೆ. ಹೊಲ ಆಚೆ. ದಾಟದೆ ಬದುಕು ನಡೆಯುವುದಿಲ್ಲ.

ಈ ಹೊಳೆಯ ನಡುವೆಯೂ ಒಂದು ಬಂಡೆ ಬೇಕಲ್ಲವೇ? ಅಂಥ ಬಂಡೆ ಇದೆ. ಅದನ್ನು ಮನುಷ್ಯರೇ ಕಟ್ಟುತ್ತಾರೆ. ಅದಕ್ಕೆ ನಡುಗಡ್ಡೆ ಎನ್ನೋಣ. ಈ ಪಾಠ ಅದರ ಬಗ್ಗೆ.

ಎಷ್ಟು ಜೀವ ಹೋಗುತ್ತಿದೆ?

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ನಡೆದು ಹೋಗುತ್ತಿದ್ದ 32,825 ಜನ ವಾಹನಕ್ಕೆ ಸಿಕ್ಕಿ ಸತ್ತರು. ಇದು ಭಾರತ ಸರ್ಕಾರ ಕೊಟ್ಟ ಲೆಕ್ಕ. ಒಂದು ವರ್ಷಕ್ಕೆ 365 ದಿನ. ಭಾಗಿಸಿ ನೋಡಿ. ದಿನಕ್ಕೆ ಸುಮಾರು 90 ಜನ.

ಇವರು ಗಾಡಿ ಓಡಿಸುತ್ತಿರಲಿಲ್ಲ. ಗಾಡಿಯಲ್ಲಿ ಕೂತಿರಲಿಲ್ಲ. ನಡೆಯುತ್ತಿದ್ದರು, ಅಷ್ಟೆ. ಅವರಲ್ಲಿ ಶಾಲೆಗೆ ಹೊರಟ ಮಕ್ಕಳಿದ್ದರು. ಕೂಲಿಗೆ ಹೊರಟ ತಾಯಂದಿರಿದ್ದರು. ದೇವಸ್ಥಾನಕ್ಕೆ ಹೊರಟ ಅಜ್ಜಿಯರಿದ್ದರು.

"ಹಣೆಬರಹ" ಅಂತ ನಾವು ಸುಮ್ಮನಾಗುತ್ತೇವೆ. ಎಲ್ಲವೂ ಹಣೆಬರಹ ಅಲ್ಲ. ರಸ್ತೆ ಕಟ್ಟಿದವರು ಮನುಷ್ಯರು. ಅದನ್ನು ಸರಿ ಮಾಡುವವರೂ ಮನುಷ್ಯರೇ.

ನಡುಗಡ್ಡೆ ಅಂದರೆ ಏನು?

ರಸ್ತೆಯ ನಡುವೆ, ಜನ ದಾಟುವ ಜಾಗದಲ್ಲಿ, ಒಂದು ಚಿಕ್ಕ ಕಟ್ಟೆ. ಅದೇ ನಡುಗಡ್ಡೆ. ಅದು ರಸ್ತೆಗಿಂತ ಸುಮಾರು ಅರ್ಧ ಅಡಿ ಎತ್ತರ ಇರುತ್ತದೆ. ಸುತ್ತ ಕಲ್ಲಿನ ಅಂಚು ಇರುತ್ತದೆ. ಅದರ ಮೇಲೆ ನಾವು ನಿಲ್ಲಬಹುದು.

"ನಮ್ಮೂರ ರಸ್ತೆಗೆ ಡಿವೈಡರ್ ಇದೆಯಲ್ಲ, ಅದೇ ಇದು ಅಲ್ಲವೇ?" ಅಂತ ನೀವು ಕೇಳಬಹುದು. ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ.

ಡಿವೈಡರ್ ಇರುವುದು ಗಾಡಿಗಳಿಗಾಗಿ. ಹೋಗುವ ಗಾಡಿ, ಬರುವ ಗಾಡಿ ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ ಅದನ್ನು ಕಟ್ಟುತ್ತಾರೆ. ಅದು ಹಲವು ಕಡೆ ಗೋಡೆಯ ಹಾಗೆ ಕಿರಿದು. ಅದರ ಮೇಲೆ ಕಾಲೂರಲು ಜಾಗ ಇಲ್ಲ. ಕೆಲವು ಕಡೆ ಎತ್ತರ ಜಾಸ್ತಿ. ಸೀರೆ ಎತ್ತಿ ಹತ್ತಬೇಕು. ಮಂಡಿ ನೋವಿನ ಅಜ್ಜಿ ಹೇಗೆ ಹತ್ತುತ್ತಾಳೆ?

ನಡುಗಡ್ಡೆ ಇರುವುದು ನಡೆಯುವವರಿಗಾಗಿ. ಅದು ಅಗಲ ಇರಬೇಕು. ನಿಲ್ಲಲು ಜಾಗ ಇರಬೇಕು. ಸುಲಭವಾಗಿ ಹತ್ತಿ ಇಳಿಯುವಂತೆ ಇರಬೇಕು.

ಒಂದು ಲೆಕ್ಕ ಮಾಡೋಣ

ಸೀಸದ ಕಡ್ಡಿ ತೆಗೆದುಕೊಳ್ಳಿ. ಲೆಕ್ಕ ಕಷ್ಟವಿಲ್ಲ.

ಒಂದು ರಸ್ತೆ ಇದೆ. ಅದರ ಅಗಲ 14 ಮೀಟರ್. ಅಂದರೆ ಸುಮಾರು 46 ಅಡಿ. ಅರ್ಧ ಭಾಗ, 7 ಮೀಟರ್, ಹೋಗುವ ಗಾಡಿಗಳಿಗೆ. ಉಳಿದ 7 ಮೀಟರ್ ಬರುವ ಗಾಡಿಗಳಿಗೆ.

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ತಾಯಿ ದಾಟಬೇಕು. ಅವಳು ಒಂದು ಸೆಕೆಂಡಿಗೆ 1 ಮೀಟರ್ ನಡೆಯುತ್ತಾಳೆ ಎನ್ನೋಣ. ಅರ್ಧ ರಸ್ತೆಗೆ 7 ಸೆಕೆಂಡು. ಪೂರ್ತಿ ರಸ್ತೆಗೆ 14 ಸೆಕೆಂಡು.

ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಅಂದರೆ ಒಂದು ನಿಮಿಷಕ್ಕೆ 1 ಕಿಲೋಮೀಟರ್. ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ತಾಯಿ ಒಂದು ಹೆಜ್ಜೆ ಎತ್ತಿ ಇಡುವಷ್ಟರಲ್ಲಿ ಗಾಡಿ ಒಂದು ಬಸ್ಸಿನ ಉದ್ದ ಓಡಿಬಿಡುತ್ತದೆ!

7 ಸೆಕೆಂಡಿನಲ್ಲಿ ಗಾಡಿ ಓಡುವ ದೂರ ಸುಮಾರು 120 ಮೀಟರ್. 14 ಸೆಕೆಂಡಿನಲ್ಲಿ ಸುಮಾರು 240 ಮೀಟರ್.

ನಡುಗಡ್ಡೆ ಇಲ್ಲದಿದ್ದರೆ ಏನು ಬೇಕು? ತಾಯಿಯ ಬಲಗಡೆ 120 ಮೀಟರ್ ಖಾಲಿ ಇರಬೇಕು. ಅದೇ ಹೊತ್ತಿಗೆ ಎಡಗಡೆ 240 ಮೀಟರ್ ಖಾಲಿ ಇರಬೇಕು. ಎರಡೂ ಒಟ್ಟಿಗೆ! ಓಡಾಟ ಹೆಚ್ಚಿರುವ ರಸ್ತೆಯಲ್ಲಿ ಇಂಥ ಹೊತ್ತು ಸಿಗುವುದೇ ಅಪರೂಪ. ಜನ ಕಾದು ಕಾದು ಸಾಕಾಗಿ ನುಗ್ಗುತ್ತಾರೆ. 240 ಮೀಟರ್ ದೂರದ ಗಾಡಿ ಎಷ್ಟು ಜೋರಾಗಿ ಬರುತ್ತಿದೆ ಅಂತ ಕಣ್ಣಿಗೆ ತಿಳಿಯುವುದೂ ಕಷ್ಟ. ಕತ್ತಲಾದರೆ ಬರೀ ಎರಡು ದೀಪ ಕಾಣುತ್ತವೆ. ಹತ್ತಿರವೋ ದೂರವೋ ಗೊತ್ತಾಗುವುದಿಲ್ಲ.

ನಡುಗಡ್ಡೆ ಇದ್ದರೆ? ಮೊದಲು ಬಲಗಡೆ 120 ಮೀಟರ್ ಖಾಲಿ ಇದ್ದರೆ ಸಾಕು. ನಡುಗಡ್ಡೆಗೆ ಬಂದು ನಿಲ್ಲಬಹುದು. ಆಮೇಲೆ ಎಡಗಡೆ 120 ಮೀಟರ್ ಖಾಲಿ ಆಗುವ ತನಕ ಕಾಯಬಹುದು.

ಒಂದು ದೊಡ್ಡ ಕಷ್ಟ ಎರಡು ಚಿಕ್ಕ ಕಷ್ಟ ಆಯಿತು. ನಡುಗಡ್ಡೆಯ ಗುಟ್ಟು ಇಷ್ಟೇ.

ಕಲಿಕಾ ಕೇಂದ್ರದಲ್ಲಿ ಮಾತುಕತೆ

(ಇದನ್ನು ನಾಲ್ಕು ಜನ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ.)

ಅಜ್ಜಿ: ನಮ್ಮ ಕಾಲದಾಗ ಈ ರಸ್ತೆ ಮೇಲೆ ಎಮ್ಮೆ ಹೊಡ್ಕೊಂಡು ಹೋಗ್ತಿದ್ವಿ. ಈಗ ಒಂದು ಹೆಜ್ಜೆ ಇಡೋಕೂ ಭಯ. ದೊಡ್ಡ ರಸ್ತೆ ಬಂತು, ನಮ್ಮೂರು ಎರಡು ಹೋಳಾಯ್ತು.

ಸೊಸೆ: ಅತ್ತೆ ದಿನಾ ಹೊಲಕ್ಕೆ ಹೋಗೋವಾಗ ನನಗೆ ಜೀವದಾಗ ಜೀವ ಇರೋದಿಲ್ಲ. ನಡು ರಸ್ತೇಲಿ ನಿಂತುಬಿಡ್ತಾರೆ. ಮುಂದೂ ಗಾಡಿ, ಹಿಂದೂ ಗಾಡಿ.

ಕಾರ್ಖಾನೆ ಹುಡುಗಿ: ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡ್ತಿದ್ದೆ. ಸಂಜೆ ಪಾಳಿ ಬಿಟ್ಟಾಗ ನೂರಾರು ಹೆಂಗಸರು ಒಟ್ಟಿಗೆ ರಸ್ತೆ ದಾಟಬೇಕು. ಕೈ ಕೈ ಹಿಡ್ಕೊಂಡು ಓಡ್ತಿದ್ವಿ. ಬಸ್ಸು ತಪ್ಪಿದರೆ ಮನೇಲಿ ಮಗು ಅಳ್ತಾ ಇರುತ್ತೆ, ಅದೇ ಯೋಚನೆ.

ಕಾರ್ಯಕರ್ತೆ: ನೋಡಿ, ಮೂರು ಜನರ ಕಷ್ಟ ಒಂದೇ. ನಡುವೆ ನಿಲ್ಲೋಕೆ ಜಾಗ ಇಲ್ಲ.

ಅಜ್ಜಿ: ಕಟ್ಟೆ ಕಟ್ಟಿದ್ರೆ ಲಾರಿ ಅದರ ಮೇಲೆ ಹತ್ತೋದಿಲ್ವಾ?

ಕಾರ್ಯಕರ್ತೆ: ಒಳ್ಳೆ ಪ್ರಶ್ನೆ ಕೇಳಿದ್ರಿ ಅಜ್ಜಿ. ಅರ್ಧ ಅಡಿ ಕಲ್ಲು ಜೋರಾಗಿ ಬರೋ ಲಾರಿಯನ್ನ ತಡೆಯೋದಿಲ್ಲ. ನಿಜ. ಆದ್ರೆ ಕಟ್ಟೆ ಬೇರೆ ಕೆಲಸ ಮಾಡುತ್ತೆ. ಚಾಲಕನಿಗೆ ದೂರದಿಂದಲೇ ಕಾಣುತ್ತೆ. "ಮುಂದೆ ಕಲ್ಲಿದೆ, ಚಕ್ರ ಹಾಳಾಗುತ್ತೆ" ಅಂತ ಅವನು ಸರಿದು ಹೋಗ್ತಾನೆ. ದಾರಿ ಕಿರಿದಾಗಿ ಕಾಣೋದರಿಂದ ವೇಗವನ್ನೂ ಕಡಿಮೆ ಮಾಡ್ತಾನೆ. ರಸ್ತೆಗೆ ಬರೀ ಬಿಳಿ ಗೆರೆ ಬಳಿದರೆ ಚಾಲಕ ಅದರ ಮೇಲೇ ಓಡಿಸ್ತಾನೆ. ಕಲ್ಲಿನ ಮೇಲೆ ಓಡಿಸೋಕೆ ಯೋಚನೆ ಮಾಡ್ತಾನೆ. ಅದಕ್ಕೇ ಎತ್ತರ ಬೇಕು.

ಸೊಸೆ: ಹಾಗಾದ್ರೆ ಕಟ್ಟೆಯ ಅಂಚಿಗೆ ನಿಲ್ಲಬಾರದು.

ಕಾರ್ಯಕರ್ತೆ: ಸರಿಯಾಗಿ ಹೇಳಿದಿರಿ. ನಡುವೆ ನಿಲ್ಲಬೇಕು.

ವೇಗ ಯಾಕೆ ಮುಖ್ಯ?

ಚಾಲಕ ನಿಮ್ಮನ್ನು ನೋಡಿದ ಕೂಡಲೇ ಗಾಡಿ ನಿಲ್ಲುವುದಿಲ್ಲ. ಅವನು ನೋಡಬೇಕು. ಬ್ರೇಕ್ ಒತ್ತಬೇಕು. ಆಮೇಲೂ ಗಾಡಿ ಸ್ವಲ್ಪ ದೂರ ಓಡುತ್ತದೆ.

ಗಂಟೆಗೆ 32 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 12 ಮೀಟರ್ ಬೇಕು. ವೇಗ ಎರಡರಷ್ಟು ಆದರೆ, ಅಂದರೆ 64 ಆದರೆ, ಸುಮಾರು 36 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ಮೂರು ಪಟ್ಟು! ಇದು ಒಣ ರಸ್ತೆಯ ಲೆಕ್ಕ. ಮಳೆ ಬಂದರೆ ಇನ್ನೂ ಹೆಚ್ಚು. ಸರಕು ತುಂಬಿದ ಲಾರಿಗೆ ಇನ್ನೂ ಹೆಚ್ಚು.

ಆದ್ದರಿಂದ "ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾನೆ" ಅಂತ ನಂಬಬೇಡಿ. ಅವನಿಗೆ ಮನಸ್ಸಿದ್ದರೂ ಗಾಡಿ ನಿಲ್ಲಬೇಕಲ್ಲ?

ಇದು ಎಲ್ಲಿ ಶುರುವಾಯಿತು?

ಇದು ಹೊಸ ಉಪಾಯವಲ್ಲ. ಕಾರು ಹುಟ್ಟುವ ಮೊದಲೇ ಇತ್ತು.

1862ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಇಂಥ ಕಟ್ಟೆಗಳು ಬಂದವು. ಆಗ ಕುದುರೆ ಗಾಡಿಗಳ ಕಾಲ. ಕುದುರೆಗಳ ಕಾಲಿಗೆ, ಗಾಡಿಯ ಚಕ್ರಕ್ಕೆ ಜನ ಸಿಕ್ಕಿಬೀಳುತ್ತಿದ್ದರು. ಜಾನ್ ಹೇಸ್ಟಿಂಗ್ಸ್ ಎಂಬುವರು ಅಲ್ಲಿಯ ನಗರಸಭೆಗೆ ಒಂದು ಸಲಹೆ ಕೊಟ್ಟರು. ರಸ್ತೆ ನಡುವೆ ಜನ ನಿಲ್ಲಲು ಕಟ್ಟೆ ಬೇಕು ಎಂದರು. ಅವರು ಮಂತ್ರಿ ಅಲ್ಲ. ಎಂಜಿನಿಯರ್ ಅಲ್ಲ. ಕುದುರೆಗೆ ಜೀನು ಹೊಲಿಯುವ ಕಸುಬಿನವರು. ಒಬ್ಬ ಕಸುಬುದಾರನ ಮಾತಿನಿಂದ ಊರಿಗೆ ಉಪಕಾರ ಆಯಿತು.

1864ರಲ್ಲಿ ಲಂಡನ್ನಿನಲ್ಲೂ ಒಂದು ಕಟ್ಟೆ ಬಂತು. ಕರ್ನಲ್ ಪಿಯರ್‌ಪಾಯಿಂಟ್ ಎಂಬುವರು ಅದನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಸಿದರು. ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕಟ್ಟೆ ಎಷ್ಟು ಚೆನ್ನಾಗಿದೆ ಅಂತ ಹಿಂತಿರುಗಿ ನೋಡುತ್ತ ಹೋದರಂತೆ. ಅಷ್ಟರಲ್ಲಿ ಕುದುರೆ ಗಾಡಿ ಬಂದು ಗುದ್ದಿತಂತೆ! ಕಟ್ಟೆ ಇದ್ದರೂ ಕಣ್ಣು ರಸ್ತೆಯ ಮೇಲೇ ಇರಬೇಕು. ಕಥೆಯ ನೀತಿ ಇದು.

ಇಂದು ಬಹಳ ದೇಶಗಳಲ್ಲಿ ನಡುಗಡ್ಡೆಗಳಿವೆ. ಅಮೆರಿಕದ ಹೆದ್ದಾರಿ ಇಲಾಖೆ ಇದರ ಲೆಕ್ಕ ನೋಡಿದೆ. ನಡುಗಡ್ಡೆ ಕಟ್ಟಿದ ಕಡೆ ಪಾದಚಾರಿಗಳ ಅಪಘಾತ ಸುಮಾರು ಅರ್ಧದಷ್ಟು ಕಡಿಮೆ ಆಗುತ್ತದೆ ಎನ್ನುತ್ತದೆ.

ಒಳ್ಳೆಯ ನಡುಗಡ್ಡೆ ಹೇಗಿರಬೇಕು?

1. ಅಗಲ ಇರಬೇಕು. ಒಂದು ಸೈಕಲ್ಲಿನ ಉದ್ದ ಸುಮಾರು 6 ಅಡಿ. ಸೈಕಲ್ ತಳ್ಳಿಕೊಂಡು ಬಂದ ಹುಡುಗಿ, ಮಗುವಿನ ಕೈ ಹಿಡಿದ ತಾಯಿ ಅಂಚಿಗೆ ತಾಗದೆ ನಿಲ್ಲುವಷ್ಟು ಅಗಲ ಬೇಕು.

2. ದಾಟುವ ದಾರಿ ಸಮತಟ್ಟಾಗಿರಬೇಕು ಅಥವಾ ಇಳಿಜಾರು ಇರಬೇಕು. ಆಗ ಗಾಲಿ ಕುರ್ಚಿಯವರು, ತಳ್ಳುಗಾಡಿಯವರು, ಕಣ್ಣು ಕಾಣದವರು ಎಲ್ಲರೂ ದಾಟಬಹುದು.

3. ರಾತ್ರಿ ದೀಪ ಇರಬೇಕು. ಕತ್ತಲಲ್ಲಿ ಮಿನುಗುವ ಪಟ್ಟಿ ಇರಬೇಕು. ಇಲ್ಲದಿದ್ದರೆ ಬೈಕಿನವರೇ ಬಂದು ಗುದ್ದುತ್ತಾರೆ. ನಮ್ಮ ಕಟ್ಟೆ ಇನ್ನೊಬ್ಬರ ಮಗನಿಗೆ ಮೃತ್ಯು ಆಗಬಾರದು.

4. ಅಲ್ಲಿ ಎತ್ತರದ ಗಿಡ, ಜಾಹೀರಾತು ಫಲಕ ಇರಬಾರದು. ಕುಳ್ಳಗಿರುವ ಮಗು ಗಿಡದ ಮರೆಯಲ್ಲಿ ಚಾಲಕನಿಗೆ ಕಾಣುವುದಿಲ್ಲ.

5. ರಸ್ತೆಯ ಮೇಲೆ ಅಡ್ಡ ಬಿಳಿ ಪಟ್ಟೆಗಳಿರಬೇಕು. ಇದಕ್ಕೆ ಝೀಬ್ರಾ ಕ್ರಾಸಿಂಗ್ ಎನ್ನುತ್ತಾರೆ.

6. ಜನ ನಿಜವಾಗಿ ದಾಟುವ ಜಾಗದಲ್ಲೇ ಇರಬೇಕು. ಬಸ್ ನಿಲ್ದಾಣ ಒಂದು ಕಡೆ, ನಡುಗಡ್ಡೆ ಅರ್ಧ ಕಿಲೋಮೀಟರ್ ಆಚೆ ಆದರೆ ಯಾರು ಹೋಗುತ್ತಾರೆ?

ಒಂದು ಮಾತು ನೆನಪಿಡಿ. ಗಂಟೆಗೆ 80, 100 ಕಿಲೋಮೀಟರ್ ವೇಗದ ಹೆದ್ದಾರಿಗೆ ನಡುಗಡ್ಡೆ ಒಂದೇ ಸಾಲದು. ಅಲ್ಲಿ ಕೆಳಸೇತುವೆ ಅಥವಾ ಮೇಲುಸೇತುವೆ ಬೇಕು. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ, ಕತ್ತಲಿದ್ದರೆ ಹೆಂಗಸರು ಹೋಗಲು ಹೆದರುತ್ತಾರೆ. ಆದ್ದರಿಂದ ದೀಪವನ್ನೂ ಕೇಳಬೇಕು.

ದಾಟುವುದು ಹೇಗೆ?

ನಮ್ಮ ದೇಶದಲ್ಲಿ ಗಾಡಿಗಳು ಎಡಗಡೆ ಹೋಗುತ್ತವೆ. ಆದ್ದರಿಂದ ರಸ್ತೆಯ ಅಂಚಿನಲ್ಲಿ ನಿಂತಾಗ ಹತ್ತಿರದ ಗಾಡಿ ನಿಮ್ಮ ಬಲಗಡೆಯಿಂದ ಬರುತ್ತದೆ.

ಅಂಚಿನಲ್ಲಿ ನಿಲ್ಲಿ. ಬಲಕ್ಕೆ ನೋಡಿ. ಎಡಕ್ಕೂ ನೋಡಿ. ಮತ್ತೆ ಬಲಕ್ಕೆ ನೋಡಿ. ಖಾಲಿ ಇದ್ದರೆ ನೇರ ನಡೆಯಿರಿ. ಓಡಬೇಡಿ. ಓಡಿದರೆ ಚಪ್ಪಲಿ ಜಾರುತ್ತದೆ, ಸೀರೆ ಕಾಲಿಗೆ ತೊಡರುತ್ತದೆ.

ನಡುಗಡ್ಡೆಯಲ್ಲಿ ನಿಲ್ಲಿ. ಈಗ ಎಡಕ್ಕೆ ನೋಡಿ. ಇನ್ನರ್ಧ ರಸ್ತೆಯ ಗಾಡಿ ಎಡಗಡೆಯಿಂದ ಬರುತ್ತದೆ. ಬಲಕ್ಕೂ ಒಮ್ಮೆ ನೋಡಿ. ತಪ್ಪು ದಾರಿಯಲ್ಲಿ ನುಗ್ಗುವ ಬೈಕುಗಳು ಇರುತ್ತವೆ. ಖಾಲಿ ಆದ ಮೇಲೆ ನಡೆಯಿರಿ.

ಮಗುವಿನ ಕೈಯನ್ನು ನೀವು ಹಿಡಿಯಿರಿ. ಮಗು ನಿಮ್ಮ ಬೆರಳು ಹಿಡಿದರೆ ಸಾಲದು. ಅದು ಬಿಡಿಸಿಕೊಂಡು ಓಡುತ್ತದೆ. ಮಣಿಕಟ್ಟು ಹಿಡಿಯಿರಿ.

ತಲೆಯ ಮೇಲೆ ಹೊರೆ ಇದ್ದರೆ ಕತ್ತು ತಿರುಗುವುದಿಲ್ಲ. ಇಡೀ ಮೈ ತಿರುಗಿಸಿ ನೋಡಿ. ಫೋನಿನಲ್ಲಿ ಮಾತಾಡುತ್ತ ದಾಟಬೇಡಿ. ಬಸ್ ಇಳಿದ ಕೂಡಲೇ ಅದರ ಮುಂದಿನಿಂದ ದಾಟಬೇಡಿ. ಬಸ್ಸು ಹೋಗಲಿ, ರಸ್ತೆ ಕಾಣಲಿ.

ನಡುಗಡ್ಡೆ ನಿಲ್ಲುವ ಜಾಗ. ಕೂತು ಹರಟುವ ಜಾಗ ಅಲ್ಲ. ಮೇಕೆ ಕಟ್ಟುವ ಜಾಗ ಅಲ್ಲ. ಹೂವು ಮಾರುವ ಜಾಗವೂ ಅಲ್ಲ.

ಕಾನೂನು ಏನು ಹೇಳುತ್ತದೆ?

ಝೀಬ್ರಾ ಕ್ರಾಸಿಂಗ್‌ನಲ್ಲಿ ಜನ ದಾಟುತ್ತಿದ್ದರೆ ಚಾಲಕ ವೇಗ ಇಳಿಸಬೇಕು, ನಿಲ್ಲಿಸಬೇಕು, ದಾರಿ ಬಿಡಬೇಕು. 2017ರ ವಾಹನ ಚಾಲನಾ ನಿಯಮಗಳಲ್ಲಿ ಇದು ಇದೆ. ಅದು ಚಾಲಕ ಮಾಡುವ ಉಪಕಾರ ಅಲ್ಲ. ನಮ್ಮ ಹಕ್ಕು.

ಅಪಘಾತ ಆದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೂ ಮಾಡಬಹುದು. "ಸಹಾಯ ಮಾಡಿದರೆ ಪೊಲೀಸು, ಕೋರ್ಟು ಅಂತ ಅಲೆಯಬೇಕು" ಎಂಬ ಭಯ ಬೇಡ. ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ತಿದ್ದುಪಡಿ ಕಾನೂನು ರಕ್ಷಣೆ ಕೊಟ್ಟಿದೆ.

ಗಾಡಿ ಗುದ್ದಿ ಓಡಿಹೋಯಿತು, ಯಾರದೆಂದು ಗೊತ್ತಾಗಲಿಲ್ಲ. ಆಗಲೂ ಪರಿಹಾರ ಉಂಟು. 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆಯಲ್ಲಿ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಪೊಲೀಸ್ ದೂರು ಕೊಡಬೇಕು. ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಹಣ ಹೋದ ಜೀವ ತರುವುದಿಲ್ಲ. ಆದರೆ ಉಳಿದ ಮಕ್ಕಳ ಅನ್ನಕ್ಕೆ ಆಸರೆ ಆಗುತ್ತದೆ.

ಯಾರನ್ನು ಕೇಳಬೇಕು?

ಊರೊಳಗಿನ ರಸ್ತೆ: ಗ್ರಾಮ ಪಂಚಾಯಿತಿ.
ಪಟ್ಟಣದ ರಸ್ತೆ: ಪುರಸಭೆ, ನಗರಸಭೆ ಅಥವಾ ಪಾಲಿಕೆ.
ರಾಜ್ಯ ಹೆದ್ದಾರಿ: ಲೋಕೋಪಯೋಗಿ ಇಲಾಖೆ.
ರಾಷ್ಟ್ರೀಯ ಹೆದ್ದಾರಿ: ಹೆದ್ದಾರಿ ಪ್ರಾಧಿಕಾರ.

ಯಾವ ರಸ್ತೆ ಯಾರದು ಅಂತ ತಿಳಿಯದಿದ್ದರೆ ಜಿಲ್ಲಾಧಿಕಾರಿಗೆ ಬರೆಯಿರಿ. ಜಿಲ್ಲೆಯ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು.

ಹಿಂದೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಬೇರೆಯವರು ಬರೆದದ್ದಕ್ಕೆ ಒಪ್ಪುತ್ತಿದ್ದೆವು. ಈಗ ನಮ್ಮ ಕೈಗೆ ಅಕ್ಷರ ಬಂದಿದೆ. ನಮ್ಮ ಅರ್ಜಿ ನಾವೇ ಬರೆಯೋಣ. ಒಂದು ಮಾದರಿ ಇಲ್ಲಿದೆ.

ಮನವಿ ಪತ್ರ

ದಿನಾಂಕ: ................

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
................ ಜಿಲ್ಲೆ.

ಮಾನ್ಯರೇ,

ವಿಷಯ: ರಸ್ತೆ ದಾಟಲು ನಡುಗಡ್ಡೆ ಕಟ್ಟಿಸಿಕೊಡುವ ಬಗ್ಗೆ.

ನಾವು ................ ಊರಿನ ಮಹಿಳೆಯರು. ನಮ್ಮ ಊರಿನ ನಡುವೆ ................ ರಸ್ತೆ ಹೋಗುತ್ತದೆ. ಶಾಲೆ ಮತ್ತು ಬಸ್ ನಿಲ್ದಾಣ ರಸ್ತೆಯ ಆಚೆ ಇವೆ. ಬೆಳಿಗ್ಗೆ 8ರಿಂದ 10 ಗಂಟೆಯವರೆಗೆ ನಾವು ನಿಂತು ಎಣಿಸಿದೆವು. ................ ಜನ ದಾಟಿದರು. ಅವರಲ್ಲಿ ................ ಮಕ್ಕಳು. ಕಳೆದ ಒಂದು ವರ್ಷದಲ್ಲಿ ಇಲ್ಲಿ ................ ಅಪಘಾತ ಆಗಿವೆ.

ಆದ್ದರಿಂದ ಈ ಜಾಗದಲ್ಲಿ ನಡುಗಡ್ಡೆ, ಬಿಳಿ ಪಟ್ಟೆ ಮತ್ತು ಬೀದಿ ದೀಪ ಮಾಡಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಬಹಳ ದಿನ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. "ನಮ್ಮ ಅರ್ಜಿ ಏನಾಯಿತು?" ಎಂದು ಬರೆದು ಕೇಳಬಹುದು. 2005ರ ಕಾನೂನು ಆ ಹಕ್ಕು ಕೊಟ್ಟಿದೆ.

ಒಬ್ಬಳು ಕೇಳಿದರೆ ಅದು ಗೋಳು. ಊರಿನ ಹೆಂಗಸರೆಲ್ಲ ಲೆಕ್ಕ ಹಿಡಿದು ಕೇಳಿದರೆ ಅದು ಬೇಡಿಕೆ.

ಅಭ್ಯಾಸ

ಅ) ಉತ್ತರ ಹೇಳಿ.
1. ಡಿವೈಡರಿಗೂ ನಡುಗಡ್ಡೆಗೂ ಏನು ವ್ಯತ್ಯಾಸ?
2. ನಡುಗಡ್ಡೆಯನ್ನು ರಸ್ತೆಗಿಂತ ಎತ್ತರ ಕಟ್ಟುವುದು ಯಾಕೆ?
3. ನಡುಗಡ್ಡೆಯಲ್ಲಿ ನಿಂತಾಗ ಮೊದಲು ಯಾವ ಕಡೆ ನೋಡಬೇಕು? ಯಾಕೆ?

ಆ) ಬಿಟ್ಟ ಜಾಗ ತುಂಬಿ.
1. ಅಪಘಾತ ಆದಾಗ ಆಂಬುಲೆನ್ಸ್ ಕರೆಯಲು ................ಕ್ಕೆ ಫೋನ್ ಮಾಡಬೇಕು.
2. ರಸ್ತೆಯ ಮೇಲಿನ ಅಡ್ಡ ಬಿಳಿ ಪಟ್ಟೆಗೆ ................ ಕ್ರಾಸಿಂಗ್ ಎನ್ನುತ್ತಾರೆ.

ಇ) ಲೆಕ್ಕ ಮಾಡಿ.
ಒಂದು ರಸ್ತೆಯ ಅಗಲ 10 ಮೀಟರ್. ನೀವು ಒಂದು ಸೆಕೆಂಡಿಗೆ 1 ಮೀಟರ್ ನಡೆಯುತ್ತೀರಿ. ಪೂರ್ತಿ ದಾಟಲು ಎಷ್ಟು ಸೆಕೆಂಡು? ಅಷ್ಟರಲ್ಲಿ ಸೆಕೆಂಡಿಗೆ 17 ಮೀಟರ್ ಓಡುವ ಗಾಡಿ ಎಷ್ಟು ದೂರ ಬರುತ್ತದೆ?

ಈ) ಗುಂಪಿನಲ್ಲಿ ಮಾಡಿ.
ನಿಮ್ಮ ಊರಿನಲ್ಲಿ ದಾಟಲು ಹೆಚ್ಚು ಭಯವಾಗುವ ಜಾಗ ಯಾವುದು? ನಾಲ್ಕು ಜನ ಸೇರಿ ಹೋಗಿ. ರಸ್ತೆಯ ಅಂಚಿನಿಂದ ದೂರ ನಿಂತು ಒಂದು ಗಂಟೆ ಎಣಿಸಿ. ಎಷ್ಟು ಹೆಂಗಸರು? ಎಷ್ಟು ಮಕ್ಕಳು? ಎಷ್ಟು ಮುದುಕರು? ಅಂಕಿಗಳನ್ನು ಬರೆದಿಡಿ. ಮೇಲಿನ ಮನವಿ ಪತ್ರ ತುಂಬಿ. ಎಲ್ಲರೂ ಸಹಿ ಮಾಡಿ.